ಎರಡು ಸೆಂಟಿಮೀಟರಿನ ಭೂತಕ್ಕೆ ಯಾವ ಮಣ್ಣು?

ಪಾಲಿಮರ್ ಕ್ಲೇ ಒಳ್ಳೆಯದಾ, ಎಪಾಕ್ಸಿ ಒಳ್ಳೆಯದಾ, ಬೆಳ್ಳಿಯಲ್ಲೇ ಎರಕ ಹಾಕಿಸಿಬಿಡಲಾ? ಹೆದರಿಸುವ ಸಿನಿಮಾಗಳ ಪಾತ್ರಗಳನ್ನು ಓಲೆ, ಪದಕ, ಉಂಗುರ ಮಾಡಲು ಹೊರಟವರು ಮೊದಲು ಕೇಳುವುದು ಇದನ್ನೇ. ನಾನು ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ನಿಮ್ಮ ವಿನ್ಯಾಸದಲ್ಲಿ ಪದೇ ಪದೇ ತಿದ್ದಬೇಕಾಗಿ ಬರುವುದು ಯಾವ ಭಾಗ? ಕಿವಿಯಾ, ಹಲ್ಲಾ, ಬೆರಳಾ, ಮುಖದ ಭಾವವಾ? ಕೆಲವು ವಸ್ತುಗಳು ಮೇಲೆ ಸೇರಿಸಿ ತಿದ್ದಲು ಬಿಡುತ್ತವೆ. ಕೆಲವು ಕೆತ್ತಿ, ಉಜ್ಜಿ ತಿದ್ದಲು ಬಿಡುತ್ತವೆ. ಕೆಲವಂತೂ ಒಮ್ಮೆ ಗಟ್ಟಿಯಾದರೆ ಅಲ್ಲಿಗೆ ಮುಗಿಯಿತು. ಆಯ್ಕೆ ಇದರ ಮೇಲೆ ನಿಲ್ಲಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತು ಅನ್ನುವುದರ ಮೇಲೆ ಅಲ್ಲ.

ಕೊಡಗಿನಲ್ಲಿ ಕೂತು ಮಾಡುವವರಿಗೆ ಇನ್ನೊಂದು ಜರಡಿಯೂ ಇದೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆಯ ಬಿಸಿಗೆ ಒಣಗಬೇಕು. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹ್ಯಾಲೋವೀನ್ ಬರುವುದು ಅಕ್ಟೋಬರ್ 31ಕ್ಕೆ, ದಸರಾ ಸಾಮಾನ್ಯವಾಗಿ ಅದಕ್ಕೂ ಮೊದಲು. ಇಂಥ ಒಡವೆ ಕೇಳುವವರು ಜಾಸ್ತಿ ಇರುವುದು ಆ ಹೊತ್ತಿಗೆ. ಅಂದರೆ ಮಾಲು ತಯಾರಾಗಬೇಕಾದದ್ದು ಸರಿಯಾಗಿ ಮಳೆಯ ತಿಂಗಳುಗಳಲ್ಲೇ. ಒಣ ಊರಿನವರು ಮಾಡಿದ ವೀಡಿಯೊದಲ್ಲಿ 'ರಾತ್ರಿಯಿಡೀ ಒಣಗಲು ಬಿಡಿ' ಅಂದರೆ ಮಡಿಕೇರಿಯ ಆಗಸ್ಟಿನಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಇಡೀ ಮುಖವಾ, ಒಂದು ಗುರುತಾ?

ಮಣ್ಣಿಗೆ ಕೈ ಹಾಕುವ ಮೊದಲು ಇದನ್ನು ತೀರ್ಮಾನಿಸಿ. ಎರಡು ಸೆಂಟಿಮೀಟರಿನಲ್ಲಿ ನಟನ ಮುಖದ ಹೋಲಿಕೆ ತರುವುದು ಬಹಳ ಕಷ್ಟ. ತಂದರೂ ಒಂದು ಮಾರು ದೂರದಿಂದ ನೋಡುವವರಿಗೆ ಕಾಣುವುದಿಲ್ಲ. ಕಾಣುವುದು ಆಕಾರದ ಹೊರಗೆರೆ ಮತ್ತು ಒಂದೆರಡು ಗುರುತು.

ಮಡಿಕೇರಿ ದಸರಾದಲ್ಲಿ ವಿಜಯದಶಮಿ ರಾತ್ರಿ ದಶಮಂಟಪಗಳು, ಅಂದರೆ ದೇವಸ್ಥಾನಗಳ ಗೊಂಬೆ ಮಂಟಪಗಳ ಮೆರವಣಿಗೆ, ಹೊರಡುತ್ತವಲ್ಲ, ಅಲ್ಲಿ ರಾಕ್ಷಸರನ್ನು ಗಮನವಿಟ್ಟು ನೋಡಿ. ನೂಕುನುಗ್ಗಲಿನ ಹಿಂದೆ ನಿಂತರೂ ಯಾರು ಅಸುರ, ಯಾರು ದೇವರು ಎಂದು ಗೊತ್ತಾಗಿಬಿಡುತ್ತದೆ. ಕೋರೆಹಲ್ಲು, ಅಗಲಿಸಿದ ಕಣ್ಣು, ಹೊರಚಾಚಿದ ನಾಲಿಗೆ, ಕೊಂಬು. ಅಷ್ಟರಲ್ಲೇ ಕೆಲಸ ಆಗಿರುತ್ತದೆ. ಮೂಗಿನ ಹೊಳ್ಳೆ ಎಷ್ಟು ಚೆನ್ನಾಗಿದೆ ಎಂದು ಯಾರೂ ನೋಡುವುದಿಲ್ಲ. ಓಲೆಗೂ ಇದೇ ಲೆಕ್ಕ.

ಗುರುತು ಹುಡುಕಲು ಸಿನಿಮಾವನ್ನೇ ಮತ್ತೆ ನೋಡಬೇಕು. ನೆನಪು ಮೋಸ ಮಾಡುತ್ತದೆ. 1931ರ 'ಡ್ರಾಕುಲಾ'ದಲ್ಲಿ ಬೆಲಾ ಲುಗೋಸಿಗೆ ಕೋರೆಹಲ್ಲೇ ಇಲ್ಲ! ಅಲ್ಲಿ ಹೆದರಿಸುವುದು ನೋಟ, ಹಿಂದಕ್ಕೆ ಬಾಚಿದ ಕೂದಲು, ಎತ್ತಿದ ಕಾಲರಿನ ನಿಲುವಂಗಿ. 1922ರ 'ನೊಸ್ಫೆರಾಟು'ವಿನ ಕೌಂಟ್ ಓರ್ಲಾಕ್‌ಗೆ ಹಲ್ಲು ಇದೆ, ಆದರೆ ಪಕ್ಕದಲ್ಲಿ ಅಲ್ಲ. ಇಲಿಗೆ ಇರುವ ಹಾಗೆ ಮುಂದಿನ ಎರಡು ಹಲ್ಲು. ಬೋಳು ತಲೆ, ಚೂಪು ಕಿವಿ, ಉದ್ದುದ್ದ ಬೆರಳು. ಪಕ್ಕದಲ್ಲಿ ಕೋರೆ ಇಟ್ಟರೆ ಅವನು ಓರ್ಲಾಕ್ ಆಗುವುದಿಲ್ಲ, ಯಾವುದೋ ರಕ್ತಪಿಶಾಚಿ ಆಗುತ್ತಾನೆ. 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್' ನೋಡಿ. ಮೇಲಕ್ಕೆ ನಿಂತ ಕೂದಲು, ಅದರ ಎರಡೂ ಬದಿಗೆ ಮಿಂಚಿನಂತೆ ಹರಿದ ಬಿಳಿ ಗೆರೆ. ಮುಖವನ್ನು ಪೂರ್ತಿ ಬಿಟ್ಟು ಬರೀ ಆ ಕೂದಲು ಮಾಡಿದರೂ ಪಾತ್ರ ಗೊತ್ತಾಗುತ್ತದೆ. ಓಲೆಗೆ ಇದಕ್ಕಿಂತ ಒಳ್ಳೆಯ ಆಕಾರ ಸಿಗುವುದು ಕಷ್ಟ.

ನಮ್ಮ ಕಡೆಯದೂ ಇದೆ. ಬಿಳಿ ಸೀರೆ, ಬಿಚ್ಚಿದ ಕೂದಲಿನ ಮೋಹಿನಿಯ ಮುಖ ಮಾಡಲು ಹೋದರೆ ಅದು ಯಾವ ಹೆಂಗಸೂ ಆಗಬಹುದು. ಹಿಂದುಮುಂದಾದ ಪಾದ ಮಾಡಿ, ಗೆಜ್ಜೆ ಹಾಕಿ. ಒಂದು ಕಿವಿಗೆ ಎಡಪಾದ, ಇನ್ನೊಂದಕ್ಕೆ ಬಲಪಾದ. ಹಾಗೆಯೇ 'ನಾಳೆ ಬಾ' ಎಂದು ಬರೆದ ಒಂದು ಪುಟ್ಟ ಮರದ ಬಾಗಿಲು. ನಮ್ಮೂರ ಬಾಗಿಲುಗಳ ಮೇಲಿನ ಆ ಬರಹವೇ ಮುಂದೆ 2018ರ ಹಿಂದಿ ಸಿನಿಮಾ 'ಸ್ತ್ರೀ'ಗೆ ಎಳೆಯಾಯಿತು. ಕನ್ನಡದವರ ಕೊರಳಲ್ಲಿ ಈ ಪದಕ ನೋಡಿದರೆ ವಿವರಿಸಿ ಹೇಳುವ ಅಗತ್ಯವೇ ಬರುವುದಿಲ್ಲ.

ನನ್ನ ಅಭಿಪ್ರಾಯ: ಪದಕ ಮೂರು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಮುಖ ಮಾಡಿ. ಅದಕ್ಕಿಂತ ಸಣ್ಣದಾದರೆ ಗುರುತು ಮಾಡಿ. ಉಂಗುರಕ್ಕೆ ಯಾವಾಗಲೂ ಗುರುತೇ ಸರಿ.

ಪಾಲಿಮರ್ ಕ್ಲೇ: ಸೇರಿಸಿ ತಿದ್ದುವವರಿಗೆ

ಇದು ಹೆಸರಿಗೆ ಮಣ್ಣು, ನಿಜವಾಗಿ ಪಿವಿಸಿ ಪ್ಲಾಸ್ಟಿಕ್. ಗಾಳಿಗೆ ಒಣಗುವುದಿಲ್ಲ, ಬಿಸಿ ತಾಗಿದರೆ ಮಾತ್ರ ಗಟ್ಟಿಯಾಗುತ್ತದೆ. ಕೊಡಗಿನ ಮಳೆಗಾಲಕ್ಕೆ ಇದು ದೊಡ್ಡ ವರ. ಹೊರಗೆ ಎಷ್ಟೇ ಸುರಿಯಲಿ, ಮೇಜಿನ ಮೇಲಿನ ಅರ್ಧ ಕೆಲಸ ಹಾಗೇ ಇರುತ್ತದೆ. ಒಂದು ವಾರ ಬಿಟ್ಟು ಬಂದು ಮುಂದುವರಿಸಬಹುದು.

ಅದಕ್ಕಿಂತ ಮುಖ್ಯ, ಇದನ್ನು ಮತ್ತೆ ಮತ್ತೆ ಬೇಯಿಸಬಹುದು. ತಲೆಬುರುಡೆ ಮಾಡಿ ಸ್ವಲ್ಪ ಬೇಯಿಸಿ ಗಟ್ಟಿ ಮಾಡಿಕೊಳ್ಳಿ, ಅದರ ಮೇಲೆ ಕಿವಿ ಕೂರಿಸಿ, ಮತ್ತೆ ಬೇಯಿಸಿ, ಆಮೇಲೆ ಹಲ್ಲು. ಕಿವಿ ತಿದ್ದುವಾಗ ಕೆನ್ನೆ ಜಜ್ಜಿ ಹೋಗುವ ಭಯ ಇಲ್ಲ. ಬೇಯುವ ಮಧ್ಯೆ ಕರೆಂಟು ಹೋದರೂ ಗಾಬರಿ ಬೇಡ. ಬಂದ ಮೇಲೆ ಮೊದಲಿನಿಂದ ಪೂರ್ತಿ ಹೊತ್ತು ಬೇಯಿಸಿದರೆ ಆಯಿತು. ನಮ್ಮಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಹೊಸದಲ್ಲವಲ್ಲ.

ಉಷ್ಣಾಂಶ ಮಾತ್ರ ಸರಿಯಾಗಿರಬೇಕು. ಫಿಮೋ ಎಂಬ ಬ್ರಾಂಡಿನ ಕ್ಲೇ ಪೊಟ್ಟಣ ಹೇಳುವುದು 110 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಇನ್ನೊಂದು ಬ್ರಾಂಡು ಸ್ಕಲ್ಪಿ ಪ್ರೀಮೋಗೆ ಸುಮಾರು 135 ಡಿಗ್ರಿ, 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ. ಮನೆಯ ಓಟಿಜಿಯ (ಸಣ್ಣ ಕರೆಂಟ್ ಓವನ್) ಗುಂಡಿ ತೋರಿಸುವುದನ್ನು ನಂಬಬೇಡಿ. ಒಳಗೆ ಇಡುವ ಸಣ್ಣ ಓವನ್ ಥರ್ಮಾಮೀಟರ್ ಒಂದು ಕೊಳ್ಳಿ. ಕಡಿಮೆ ಬೆಂದ ತುಂಡು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಸರಿಯಾಗಿ ಬೆಂದ ತೆಳು ತುಂಡು ಸ್ವಲ್ಪ ಬಳುಕುತ್ತದೆ. ಪ್ರತಿ ಸಲ ಒಡವೆಯ ಜೊತೆ ಒಂದು ತೆಳು ಪಟ್ಟಿಯನ್ನೂ ಇಟ್ಟು ಬೇಯಿಸಿ, ಬಗ್ಗಿಸಿ ನೋಡಿ. ಅತಿಯಾಗಿ ಕಾದು ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ. ಓವನ್ ಆರಿಸಿ, ಕಿಟಕಿ ತೆಗೆದು ಹೊರಗೆ ಹೋಗಿ. ಮೈಕ್ರೋವೇವ್ ಇದಕ್ಕೆ ಆಗುವುದಿಲ್ಲ.

ಭೂತಗಳಿಗೆ ಸಂಬಂಧಿಸಿದ ತೊಂದರೆ ಒಂದಿದೆ. ಭೂತಗಳು ಬಿಳಿ, ಬಿಳಿ ಪಾಲಿಮರ್ ಕ್ಲೇ ಎಲ್ಲ ಕಸವನ್ನೂ ಎಳೆದುಕೊಳ್ಳುತ್ತದೆ. ಸ್ವೆಟರಿನ ನೂಲು, ನಾಯಿಯ ಕೂದಲು, ನಿಮ್ಮ ಬೆರಳಲ್ಲಿ ಉಳಿದ ಕೆಂಪು. ಬಿಳಿ ಕೆಲಸ ಮೊದಲು ಮುಗಿಸಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಸ್ವಲ್ಪ ಕಾವು ಹೆಚ್ಚಾದರೂ ಬಿಳಿ ಕಂದಾಗುತ್ತದೆ. ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಗುಡಾರದ ಹಾಗೆ ಮುಚ್ಚಿ ಬೇಯಿಸಿ. ಹಸಿ ಕ್ಲೇ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಹಾಗಾಗಿ ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿಡಿ.

ಎಪಾಕ್ಸಿ: ಕೆತ್ತಿ ತಿದ್ದುವವರಿಗೆ

ಎರಡು ಉಂಡೆ ಕಲಸಿದರೆ ಗಟ್ಟಿಯಾಗುವ ಮಾಲು. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್, ಕಲೆಯ ಸಾಮಾನಿನ ಅಂಗಡಿಯ ಮೌಲ್ಡಿಟ್ ಎಲ್ಲ ಇದೇ ವಂಶ. ಓವನ್ ಬೇಡ. ಗಟ್ಟಿಯಾದ ಮೇಲೆ ಕೊರೆಯಬಹುದು, ಅರ ಹಾಕಬಹುದು, ಚಾಕುವಿನಲ್ಲಿ ಗೀರಬಹುದು. ಮೇಲೆ ಹೊಸ ಪದರವನ್ನೂ ಹಚ್ಚಬಹುದು. ಕಲ್ಲಿನಂತೆ ಗಟ್ಟಿ, ನೀರಿಗೆ ಜಗ್ಗುವುದಿಲ್ಲ.

ತೊಂದರೆ ಇರುವುದು ಸಮಯದ್ದು. ಕಲಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಪೈಪಿನ ಸೋರಿಕೆ ಮುಚ್ಚಲೆಂದು ಮಾಡಿದ ಮಾಲು ಬೇಗ ಬಿಗಿಯಾಗುತ್ತದೆ, ಕಣ್ಣಿನ ರೆಪ್ಪೆ ತಿದ್ದುವಷ್ಟು ಪುರುಸೊತ್ತು ಕೊಡುವುದಿಲ್ಲ. ಶಿಲ್ಪಕ್ಕೆಂದೇ ಬರುವ ಎಪಾಕ್ಸಿ ಇನ್ನೂ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಚಳಿಯಲ್ಲಿ ಎಲ್ಲ ಎಪಾಕ್ಸಿಯೂ ನಿಧಾನ. ಮಡಿಕೇರಿಯ ಬೆಳಗಿನ ತಂಪು ಇಲ್ಲಿ ನಮ್ಮ ಪರವಾಗಿದೆ. ಮುಖದ ಸೂಕ್ಷ್ಮ ಕೆಲಸ ಬೆಳಿಗ್ಗೆ ಮಾಡಿ, ಬೇಗ ಗಟ್ಟಿಯಾಗಬೇಕಾದರೆ ಬಲ್ಬಿನ ಹತ್ತಿರ ಇಡಿ.

ಬರಿಗೈಯಲ್ಲಿ ಕಲಸಬೇಡಿ. ಎಪಾಕ್ಸಿಗೆ ಚರ್ಮ ಒಮ್ಮೆ ಅಲರ್ಜಿ ಹಿಡಿಸಿಕೊಂಡರೆ ಆಮೇಲೆ ಪ್ರತಿ ಸಲವೂ ತುರಿಕೆ. ನೈಟ್ರೈಲ್ ಕೈಗವಸು ಹಾಕಿ. ಉಜ್ಜುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ.

ಈ ಎರಡರಲ್ಲಿ ಯಾವುದು? ಮುಖದ ಭಾವದ ಮೇಲೆ ನಿಂತ ವಿನ್ಯಾಸವಾದರೆ ಪಾಲಿಮರ್. ಏಕೆಂದರೆ ಭಾವ ಬರುವುದು ಗಂಟೆಗಟ್ಟಲೆ ಒತ್ತಿ, ಎಳೆದು, ಮತ್ತೆ ಒತ್ತಿದಾಗ. ಚೂಪು ಅಂಚು, ಗೆರೆ, ಹೊಲಿಗೆಯ ಗುರುತು, ಕೊಂಬು ಇವುಗಳ ಮೇಲೆ ನಿಂತದ್ದಾದರೆ ಎಪಾಕ್ಸಿ. ಅಂಚನ್ನು ಅರದಿಂದ ತೆಗೆದಷ್ಟು ಚೊಕ್ಕವಾಗಿ ಮೆತ್ತಗಿರುವಾಗ ತೆಗೆಯಲು ಬರುವುದಿಲ್ಲ. ಎರಡನ್ನೂ ಕೂಡಿಸಬಹುದು: ಬೆಂದ ಪಾಲಿಮರ್ ತಲೆಗೆ ಎಪಾಕ್ಸಿ ಕೊಂಬು. ನಾನು ಇಷ್ಟಪಡುವುದು ಈ ಬೆರಕೆಯನ್ನೇ.

ಓರ್ಲಾಕ್‌ನ ತಲೆ ತಿದ್ದುವ ಬಗೆ

ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಎತ್ತರದ ಪದಕ ಅಂದುಕೊಳ್ಳಿ. ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಉಂಡೆ ಕಟ್ಟಿ, ಒಂದು ಕಾಫಿ ಹಣ್ಣಿನಷ್ಟು. ಅದರ ಮೇಲೆ ಬಿಳಿಗೆ ಚಿಟಿಕೆ ಹಳದಿ, ಚಿಟಿಕೆ ಬೂದು ಬೆರೆಸಿದ ಕ್ಲೇ ಹೊದಿಸಿ. ಸುಣ್ಣದ ಬಿಳಿ ಬೇಡ, ಅದು ಆಟಿಕೆಯ ಹಾಗೆ ಕಾಣುತ್ತದೆ. ತಲೆ ಮೇಲಕ್ಕೆ ಉದ್ದ, ಗಲ್ಲ ಚೂಪು.

ಈಗ ಕಣ್ಣಿನ ಗುಳಿ. ಗುಂಡು ತುದಿಯ ಸಲಾಕೆಯಿಂದ ಒತ್ತಿ, ನಿಮಗೆ ಸಾಕು ಅನ್ನಿಸಿದ ಮೇಲೂ ಇನ್ನೊಂದಿಷ್ಟು ಒತ್ತಿ. ಸಣ್ಣ ಶಿಲ್ಪದಲ್ಲಿ ನಿಜದ ಆಳ ಸಾಲದು. ನೆರಳು ಬೀಳಬೇಕು. ಕಣ್ಣುಗುಡ್ಡೆ ಹಾಕಲೇಬೇಡಿ. ಗುಳಿಯೊಳಗಿನ ಕತ್ತಲೆಯೇ ದಿಟ್ಟಿಸಿ ನೋಡಿದ ಹಾಗೆ ಕಾಣುತ್ತದೆ. ಹುಬ್ಬಿನ ಎಲುಬನ್ನು ಬೇರೆ ಎಳೆಯಾಗಿ ಕೂರಿಸಿ, ಮೂಗಿನ ಕಡೆಗೆ ಇಳಿಸಿ. ಇಷ್ಟಾದ ಮೇಲೆ ಅರ್ಧ ಬೇಯಿಸಿ.

ಗಟ್ಟಿಯಾದ ಬುರುಡೆಗೆ ದ್ರವ ಪಾಲಿಮರ್ ಕ್ಲೇಯ ಒಂದು ಹನಿ ಹಚ್ಚಿ ಕಿವಿ ಅಂಟಿಸಿ. ಕಿವಿಯ ತುದಿ ಹೊರಕ್ಕೆ ಬಂದಿರಲಿ, ಎದುರಿನಿಂದ ಹೊರಗೆರೆಯಲ್ಲಿ ಕಾಣಬೇಕು. ಹಲ್ಲಿಗೆ ಸೂಜಿಯಿಂದ ಎರಡು ತೂತು, ಪಕ್ಕಪಕ್ಕ, ಸರಿಯಾಗಿ ನಡುವೆ. ಅಕ್ಕಿ ನುಚ್ಚಿನಷ್ಟು ಎರಡು ತುಂಡನ್ನು ಮೊದಲೇ ಬೇಯಿಸಿ ಗಟ್ಟಿ ಮಾಡಿ ತೂತಿಗೆ ಇಳಿಸಿ. ಹಸಿ ತುಂಡು ಇಳಿಸಲು ಹೋದರೆ ಚಪ್ಪಟೆಯಾಗುತ್ತದೆ.

ಕೊನೆಯ ಬೇಯಿಸುವಿಕೆಗೆ ಮೊದಲು ಮೂರು ಪರೀಕ್ಷೆ. ಹಿಂದಿನಿಂದ ಟಾರ್ಚ್ ಬಿಟ್ಟು ಗೋಡೆಯ ಮೇಲಿನ ನೆರಳು ನೋಡಿ: ಬರೀ ನೆರಳಿನಲ್ಲೇ ಓರ್ಲಾಕ್ ಗೊತ್ತಾಗಬೇಕು. ಫೋನಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ಉಗುರಿನಷ್ಟು ಸಣ್ಣದು ಮಾಡಿ ನೋಡಿ: ಕಣ್ಣು ಎಲ್ಲಿ, ಬಾಯಿ ಎಲ್ಲಿ ಎಂದು ಕಾಣದಿದ್ದರೆ ಆಳ ಸಾಲದು. ಆಮೇಲೆ ಆ ಚಿತ್ರವನ್ನು ಎಡಬಲ ತಿರುಗಿಸಿ: ಸೊಟ್ಟ ಎಲ್ಲಿದೆ ಎಂದು ಥಟ್ಟನೆ ಗೊತ್ತಾಗುತ್ತದೆ. ನಮ್ಮ ಕಣ್ಣು ಅಭ್ಯಾಸವಾದ ಸೊಟ್ಟವನ್ನು ಮನ್ನಿಸಿಬಿಟ್ಟಿರುತ್ತದೆ.

ಜೋಡಿ ಓಲೆಯಾದರೆ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎರಡು ತಲೆಗೂ ಕ್ಲೇಯನ್ನು ತೂಕ ಮಾಡಿ ಸಮನಾಗಿ ತೆಗೆದುಕೊಂಡು, ಎರಡು ಬುರುಡೆ, ಆಮೇಲೆ ಎರಡು ಜೊತೆ ಕಿವಿ, ಹೀಗೆ ಭಾಗ ಭಾಗವಾಗಿ ಒಟ್ಟಿಗೇ ನಡೆಸಿ.

ಮೇಣ ಕೆತ್ತಿ ಬೆಳ್ಳಿ

ಉಂಗುರಕ್ಕೆ, ಬಹಳ ಕಾಲ ಬಾಳಬೇಕಾದ ಪದಕಕ್ಕೆ ನಾನು ಹೇಳುವುದು ಇದನ್ನೇ. ಕೆತ್ತುವ ಮೇಣದಲ್ಲಿ ರೂಪ ಮಾಡಿ, ಅದರ ಸುತ್ತ ಅಚ್ಚಿನ ಗಾರೆ ತುಂಬಿ, ಮೇಣ ಕರಗಿಸಿ ಸುಟ್ಟು ತೆಗೆದು, ಆ ಜಾಗಕ್ಕೆ ಬೆಳ್ಳಿ ಹೊಯ್ಯುತ್ತಾರೆ. ಹತ್ತಿರದಲ್ಲಿ ಎರಕ ಹೊಯ್ಯುವವರು ಸಿಗದಿದ್ದರೆ ಮೈಸೂರಿಗೋ ಬೆಂಗಳೂರಿಗೋ ಮೇಣದ ರೂಪ ಕಳಿಸಬೇಕಾಗುತ್ತದೆ. ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಕಳಿಸಿ.

ಮೇಣ ತಿದ್ದಲು ಬಹಳ ಒಳ್ಳೆಯದು. ಕೆತ್ತಬಹುದು, ಜಾಸ್ತಿ ಕೆತ್ತಿದರೆ ಬಿಸಿ ಸೂಜಿಯಿಂದ ಹನಿ ಸೇರಿಸಿ ತುಂಬಬಹುದು. ಕೊಡಗಿನ ತಂಪಿನಲ್ಲಿ ಮೇಣ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಬೆಳ್ಳಿಯಾದ ಮೇಲೆ ತಿದ್ದುವ ದಾರಿ ಬಹುಮಟ್ಟಿಗೆ ಮುಚ್ಚಿತು. ಕೂದಲೆಳೆಯಂಥ ಗೆರೆ ಪಾಲಿಶ್‌ನಲ್ಲಿ ಅಳಿಸಿ ಹೋಗಬಹುದು, ಮೇಣದಲ್ಲೇ ಸ್ವಲ್ಪ ದಪ್ಪಗೆ ಕೆತ್ತಿ.

ತೂಕದ ಲೆಕ್ಕ ಮರೆಯಬೇಡಿ. ಮೇಣದ ತೂಕವನ್ನು ಸುಮಾರು ಹತ್ತೂವರೆಯಿಂದ ಗುಣಿಸಿದರೆ 925 ಬೆಳ್ಳಿಯ (ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ) ತೂಕ. ಒಂದೇ ಗ್ರಾಂ ಮೇಣದ ತಲೆ ಹತ್ತು ಗ್ರಾಂ ದಾಟುತ್ತದೆ. ಒಂದು ಕಿವಿಗೆ ಅಷ್ಟು ಭಾರ ಬೇಡ. ಹಿಂಬದಿಯಿಂದ ಮೇಣವನ್ನು ಟೊಳ್ಳಾಗಿ ಕೊರೆಯಿರಿ.

ಪರಿಚಯದ ಆಚಾರಿಯೊಬ್ಬರಿಗೆ ಮೇಣದ ತಲೆ ತೋರಿಸಿದಾಗ ಅವರು ಮುಖವನ್ನು ನೋಡಲೇ ಇಲ್ಲ. ತಿರುಗಿಸಿ ಹಿಂಬದಿ ನೋಡಿದರು. "ಇದು ಎಲ್ಲಿಂದ ತೂಗೋದಮ್ಮ?" ಅಂದರು. ಸರಿಯಾದ ಪ್ರಶ್ನೆ. ಮೂಗು, ಗಲ್ಲ ಮುಂದೆ ಬಂದ ತಲೆಗೆ ಕುಣಿಕೆ ಹಿಂದೆ ಇಟ್ಟರೆ, ಹಾಕಿಕೊಂಡಾಗ ಭೂತ ನೆಲ ನೋಡುತ್ತದೆ. ಯಾವ ವಸ್ತುವಾದರೂ ಗಟ್ಟಿಯಾಗುವ ಮೊದಲೇ ಒಂದು ಸೂಜಿ ಚುಚ್ಚಿ ನೇತುಹಾಕಿ ನೋಡಿ. ಮುಖ ನೇರ ನಿಲ್ಲುವ ಜಾಗದಲ್ಲೇ ಕುಣಿಕೆ.

ಬೆಳ್ಳಿಗೆ ಕೊಡಗಿನ ತೇವದಲ್ಲಿ ಕಪ್ಪು ಬೇಗ ಹತ್ತುತ್ತದೆ. ಬೇರೆ ಒಡವೆಗೆ ಅದು ದೂರು. ಬುರುಡೆಯ ಪದಕಕ್ಕೆ ಅದು ಪುಕ್ಕಟೆ ಬಣ್ಣ, ಉಬ್ಬಿದ ಭಾಗ ಮಾತ್ರ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

ಉಳಿದವು

ಒಂದೇ ವಿನ್ಯಾಸ ಇಪ್ಪತ್ತು ಮೂವತ್ತು ಬೇಕು ಅಂದರೆ ಸಿಲಿಕಾನ್ ಅಚ್ಚು ಮಾಡಿ ರೆಸಿನ್ (ಕಲಸಿ ಹೊಯ್ದರೆ ಗಟ್ಟಿಯಾಗುವ ದ್ರವ) ಹೊಯ್ಯಿರಿ. ಆದರೆ ಅಚ್ಚು ನಿಮ್ಮ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ನಿಷ್ಠೆಯಿಂದ ನಕಲು ಮಾಡುತ್ತದೆ. ಬೆರಳಚ್ಚು ಉಳಿದಿದ್ದರೆ ಮೂವತ್ತರಲ್ಲೂ ಬೆರಳಚ್ಚು. ತಿದ್ದುವುದೆಲ್ಲ ಮೂಲರೂಪದಲ್ಲೇ ಮುಗಿದಿರಬೇಕು. ಓರ್ಲಾಕ್‌ನ ಕಿವಿಯಂಥ ಚಾಚು ಭಾಗಗಳು ಅಚ್ಚಿನಲ್ಲಿ ಸಿಕ್ಕಿ ಹರಿಯುತ್ತವೆ, ಅವನ್ನು ತಲೆಗೆ ಸ್ವಲ್ಪ ಒತ್ತಿದ ಹಾಗೆ ಬದಲಿಸಬೇಕು. ಪ್ಲಾಟಿನಂ ಜಾತಿಯ ಸಿಲಿಕಾನ್ ಗಂಧಕ ಇರುವ ಮಾಡೆಲಿಂಗ್ ಕ್ಲೇ ಮತ್ತು ಲೇಟೆಕ್ಸ್ ಕೈಗವಸು ತಾಗಿದರೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಇನ್ನು ಮಳೆ: ಎಪಾಕ್ಸಿ ರೆಸಿನ್ ಗಟ್ಟಿಯಾಗುವಾಗ ತೇವ ಜಾಸ್ತಿ ಇದ್ದರೆ ಮೇಲೆ ಮಸುಕಾದ ಜಿಡ್ಡು ಪದರ ಬರುತ್ತದೆ. ಸೋಪು ನೀರಿನಲ್ಲಿ ತೊಳೆದು ಬಣ್ಣ ಹಚ್ಚಿ. ಚಳಿಗೆ ರೆಸಿನ್ ಮಂದವಾಗಿ ಗುಳ್ಳೆ ಹಿಡಿದಿಟ್ಟುಕೊಳ್ಳುತ್ತದೆ. ಕಲಸುವ ಮೊದಲು ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರೆ ತೆಳುವಾಗುತ್ತದೆ.

ಟೆರಾಕೋಟ ಚೆಂದ, ಹಗುರ, ನಮ್ಮದೇ. ಆದರೆ ಹಸಿ ಮಣ್ಣು ಪೂರ್ತಿ ಒಣಗದೆ ಬೆಂಕಿಗೆ ಹೋದರೆ ಒಳಗಿನ ನೀರು ಹಬೆಯಾಗಿ ತುಂಡು ಸಿಡಿಯುತ್ತದೆ. ಜನವರಿಯಿಂದ ಏಪ್ರಿಲ್‌ವರೆಗಿನ ಕೆಲಸ ಅದು. ಹಿಂದುಮುಂದಾದ ಪಾದ, 'ನಾಳೆ ಬಾ' ಬಾಗಿಲು ಇದರಲ್ಲೇ ಮಾಡಿ, ಆ ಕೆಂಪು ಅವಕ್ಕೆ ಒಪ್ಪುತ್ತದೆ. ತೆಳು ಬೆರಳು, ಕೊಂಬು ಬೇಡ.

ಕಾರ್ನ್‌ಫ್ಲೋರ್ ಮತ್ತು ಫೆವಿಕಾಲ್ ಕಲಸಿ ಮಾಡುವ ಕೋಲ್ಡ್ ಪೋರ್ಸಲಿನ್? ಕೊಡಗಿನಲ್ಲಿ ಬೇಡ. ತೇವ ಹೀರುತ್ತದೆ, ಬೂಷ್ಟು ಬರುತ್ತದೆ. ಕಾಗದ ನೆನೆಸಿ ಅರೆದ ಮುದ್ದೆಗೂ ಅದೇ ಗತಿ. ಬಯಲುಸೀಮೆಯ ಗೆಳತಿಯರು ಎಷ್ಟೇ ಹೊಗಳಲಿ.

ಓಲೆ, ಪದಕ, ಉಂಗುರ

ಓಲೆಗೆ ತೂಕವೇ ಎಲ್ಲ. ಕೊಡವರ ಜೋಮಾಲೆ ನೋಡಿದ್ದೀರಲ್ಲ, ಚಿನ್ನದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಕಣ್ಣಿಗೆ ತುಂಬಿದ ಹಾಗೆ, ಕೊರಳಿಗೆ ಹಗುರ. ಅಲ್ಯೂಮಿನಿಯಂ ಹಾಳೆಯ ಉಂಡೆ ಮಾಡುವುದೂ ಅದೇ ಕೆಲಸ. ಉಂಗುರ ದಿನಕ್ಕೆ ಎಷ್ಟೋ ಸಲ ನೀರು, ಸೋಪು, ಮೇಜಿನ ಅಂಚು ಕಾಣುತ್ತದೆ. ಬಣ್ಣ ಹಚ್ಚಿದ ಪಾಲಿಮರ್ ಅಲ್ಲಿ ಉಳಿಯುವುದಿಲ್ಲ, ಬೆಳ್ಳಿಯೇ ಸರಿ. ಹೊಸಬರು ಪದಕದಿಂದ ಶುರುಮಾಡಿ. ಪೆಟ್ಟು ಕಡಿಮೆ, ಜಾಗ ಜಾಸ್ತಿ, ಜೋಡಿ ಹೊಂದಿಸುವ ತಲೆನೋವಿಲ್ಲ.

ಕೊಡವ ಹೆಂಗಸರ ಪದಕ ಕೊಕ್ಕೆತಾತಿಯ ಅರ್ಧಚಂದ್ರ, ರೆಕ್ಕೆ ಬಿಚ್ಚಿದ ಬಾವಲಿಗೆ ಹೇಳಿ ಮಾಡಿಸಿದ ಆಕಾರ. ಅಂಚಿನ ಮುತ್ತಿನ ಜಾಗಕ್ಕೆ ಸಣ್ಣ ಕಪ್ಪು ಮಣಿ. ಆದರೆ ಆಕಾರ ಮಾತ್ರ ತೆಗೆದುಕೊಳ್ಳಿ, ಅದರ ಮೇಲಿನ ಲಕ್ಷ್ಮಿಯನ್ನು ತೆಗೆದುಕೊಳ್ಳಬೇಡಿ. ಮದುವೆಯ ಒಡವೆ ಅದು. ಹಾಗೆಯೇ ದೈವದ ಕೋಲ, ನಮ್ಮ ಕಡೆ 'ತೆರೆ' ಅನ್ನುವ ದೈವದ ಕುಣಿತ, ಇವುಗಳ ಮುಖವರ್ಣಿಕೆಯನ್ನು 'ಹಾರರ್' ಎಂದು ಓಲೆ ಮಾಡಿಕೊಡಿ ಅಂತ ಪ್ರವಾಸಿಗಳು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿನಿಮಾದ ಭೂತ ಬೇರೆ, ಕೈಮುಗಿಯುವ ಭೂತ ಬೇರೆ.

ಬಣ್ಣ

ಹಳೆಯ ಸಿನಿಮಾಗಳು ಕಪ್ಪು-ಬಿಳುಪು. ಫ್ರಾಂಕನ್‌ಸ್ಟೈನ್‌ನ ಹಸಿರು ಮುಖ 1931ರ ತೆರೆಯ ಮೇಲೆ ನೀವು ಕಂಡದ್ದಲ್ಲ. ಬೂದು, ಕಪ್ಪು, ಮಾಸಲು ಬಿಳಿ, ಅದರಲ್ಲಿ ಒಂದೇ ಒಂದು ಬಣ್ಣ, ಅಷ್ಟು ಸಾಕು. ನನಗೆ ಇಷ್ಟ ನಿಲುವಂಗಿಯ ಒಳಬದಿಗೆ ಕಕ್ಕಡ ತಿಂಗಳ ಹದಿನೆಂಟರಂದು ಕೊಡಗಿನಲ್ಲಿ ಮದ್ದು ಸೊಪ್ಪಿನ ರಸದಿಂದ ಮಾಡುವ ಪಾಯಸದ ಆ ಗಾಢ ನೇರಳೆ. ಸೊಪ್ಪಿನ ರಸ ಹಚ್ಚಬೇಡಿ ಮತ್ತೆ, ಅಕ್ರಿಲಿಕ್ ಬೆರೆಸಿ ಆ ಬಣ್ಣ ತನ್ನಿ.

ಪೂರ್ತಿ ಬಣ್ಣ ಬಳಿಯುವುದಕ್ಕಿಂತ, ಕ್ಲೇಯಲ್ಲೇ ಬಣ್ಣ ಬೆರೆಸಿ ಗುಳಿಗಳಿಗೆ ಮಾತ್ರ ನೀರಾದ ಕಂದು-ಕಪ್ಪು ಅಕ್ರಿಲಿಕ್ ಹಚ್ಚಿ ಒರೆಸುವುದು ಮೇಲು. ಬಳಿದ ಬಣ್ಣ ಸುಲಿದು ಬರುತ್ತದೆ, ಬೆರೆಸಿದ ಬಣ್ಣ ಬರುವುದಿಲ್ಲ. ವಾರ್ನಿಶ್ ನೀರಿನ ಮೂಲದ್ದೇ ಇರಲಿ, ಹೊಳಪಿಲ್ಲದ್ದು. ಉಗುರುಬಣ್ಣವನ್ನೂ ಕೆಲವು ಸ್ಪ್ರೇಗಳನ್ನೂ ಪಾಲಿಮರ್ ಮೇಲೆ ಹಾಕಿದರೆ ಕೆಲ ಕಾಲದ ಮೇಲೆ ಅಂಟಂಟಾಗುತ್ತದೆ. ಮಳೆಗಾಲದಲ್ಲಿ ಒಂದು ಕೈ ಬಳಿದು ಮುಟ್ಟಿ ನೋಡಿ, ಬೆರಳಿಗೆ ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಹೇರ್ ಡ್ರೈಯರ್ ಬಿಸಿ ಕಡಿಮೆ ಇಟ್ಟು ಹಿಡಿಯಿರಿ.

ಮಾರುವುದಾದರೆ

ನಿಮಗೇ ಹಾಕಿಕೊಳ್ಳಲು ಮಾಡುವುದು ಬೇರೆ, ಮಾರುವುದು ಬೇರೆ. ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ಆದರೆ ಸಿನಿಮಾ ಹಳೆಯದಾಯಿತು ಅಂದ ಮಾತ್ರಕ್ಕೆ ಪಾತ್ರದ ಮುಖವೂ ಎಲ್ಲರದಾಗುವುದಿಲ್ಲ. ಕಂಪನಿಗಳು ಟ್ರೇಡ್‌ಮಾರ್ಕ್ ಇಟ್ಟುಕೊಂಡಿರುತ್ತವೆ. ಚಪ್ಪಟೆ ತಲೆ, ಕುತ್ತಿಗೆಯಲ್ಲಿ ಲೋಹದ ಮೊಳೆ ಇರುವ ರೂಪ ಯೂನಿವರ್ಸಲ್ ಸಿನಿಮಾದ ಮೇಕಪ್. 1996ರ 'ಸ್ಕ್ರೀಮ್'ನ ಉದ್ದ ಬಾಯಿಯ ಬಿಳಿ ಮುಖವಾಡವೂ ಒಂದು ಕಂಪನಿಯದೇ.

ಇದಕ್ಕೊಂದು ಒಳ್ಳೆಯ ದಾರಿ ಮೂಲ ಕಾದಂಬರಿಗೆ ಹೋಗುವುದು. ಮೇರಿ ಶೆಲ್ಲಿಯ 1818ರ ಪುಸ್ತಕದ ಜೀವಿಗೆ ಮೊಳೆಯೂ ಇಲ್ಲ, ಚಪ್ಪಟೆ ತಲೆಯೂ ಇಲ್ಲ. ಹಳದಿ ಚರ್ಮ, ಉದ್ದ ಕಪ್ಪು ಕೂದಲು, ಕಪ್ಪು ತುಟಿ, ಬಿಳಿ ಹಲ್ಲು. ಬ್ರಾಮ್ ಸ್ಟೋಕರ್‌ನ 1897ರ ಡ್ರಾಕುಲಾಗೆ ಉದ್ದ ಬಿಳಿ ಮೀಸೆ ಇದೆ, ಅಂಗೈಯಲ್ಲಿ ಕೂದಲಿದೆ! ಕೂದಲಿರುವ ಅಂಗೈಯ ಪದಕ ಎಷ್ಟು ಮಂದಿ ಮಾಡಿದ್ದಾರೆ ಹೇಳಿ? ಇನ್ನು ಓರ್ಲಾಕ್‌ನ ಕಥೆಯಂತೂ ಮಜಾ. ಆ ಸಿನಿಮಾವನ್ನು ಅನುಮತಿ ಇಲ್ಲದೆ ಮಾಡಿದರೆಂದು ಸ್ಟೋಕರ್‌ನ ಹೆಂಡತಿ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಎಂದು ತೀರ್ಪು ಬಂತು. ಕೆಲವು ಹೇಗೋ ಉಳಿದವು.

ಕೊಕ್ಕೆ

ಚೆನ್ನಾದ ತಲೆಗೆ ಅಗ್ಗದ ಕೊಕ್ಕೆ ಹಾಕುವವರು ಬಹಳ. ಅಗ್ಗದ ಕೊಕ್ಕೆಯಲ್ಲಿ ನಿಕಲ್ ಇರುವುದುಂಟು, ಅದು ಎಷ್ಟೋ ಜನರ ಕಿವಿಗೆ ಆಗಿಬರುವುದಿಲ್ಲ. ಹಿತ್ತಾಳೆ, ತಾಮ್ರ ಬೆವರಿಗೆ ಹಸಿರು ಬಿಡುತ್ತವೆ. 925 ಬೆಳ್ಳಿ ಅಥವಾ ಟೈಟಾನಿಯಂ ತೆಗೆದುಕೊಳ್ಳಿ. ಕುಣಿಕೆಯ ತಂತಿಯನ್ನು ಮೇಲಿಂದ ಅಂಟಿಸಬೇಡಿ, ಎಳೆದರೆ ಕಿತ್ತು ಬರುತ್ತದೆ. ತಂತಿಯ ತುದಿಯನ್ನು ಸೊಟ್ಟಗೆ ಬಗ್ಗಿಸಿ ಹಸಿ ಕ್ಲೇಯೊಳಗೆ ಇಳಿಸಿ, ಹಾಳೆಯ ಉಂಡೆಯವರೆಗೂ, ಆಮೇಲೆ ಬೇಯಿಸಿ. ಗಟ್ಟಿಯಾದ ಮೇಲೆ ಕೊಕ್ಕೆ ಹಿಡಿದು ಜೋರಾಗಿ ಎಳೆದು ನೋಡಿ. ಕಳಿಸುವಾಗ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಒಂದು ಚೀಲ ಇಡಿ, ಮುಖ ಮೇಲೆ ಬರುವ ಹಾಗೆ ಹತ್ತಿಯಲ್ಲಿ ಮಲಗಿಸಿ. ಕಿವಿ, ಬೆರಳು, ಕೊಂಬು ಡಬ್ಬಿಯ ಗೋಡೆಗೆ ತಾಗಬಾರದು.